ಮನೆಯಲ್ಲಿ ಹೇಳುವ ಹಾಗೆ

ಆ ಕರಡಿಗೆ ಕಿರುಬೆರಳು ಇರಲಿಲ್ಲ. ಕುತ್ತಿಗೆಯೂ ಇರಲಿಲ್ಲ, ತಲೆ ನೇರವಾಗಿ ಹೆಗಲ ಮೇಲೆ ಕೂತಿತ್ತು. ಮೂರು ಬೆರಳು, ಒಂದು ಹೆಬ್ಬೆರಳು, ಗಿಡ್ಡ ತೋಳು, ಮುಂದಕ್ಕೆ ಬಂದ ಹೊಟ್ಟೆ. ಪರದೆಯ ಮೇಲೆ ಅದು ಬಲ ಹೆಗಲನ್ನು ಒಮ್ಮೆ ಸಣ್ಣಗೆ ಎತ್ತಿ ಇಳಿಸಿತು, ಎರಡೂ ಕೈಗಳನ್ನು ಮುಂದೆ ತಂದಿತು, ಸನ್ನೆಯಲ್ಲಿ ಒಂದು ವಾಕ್ಯ ಹೇಳಿ ಕೈ ಇಳಿಬಿಟ್ಟಿತು.

"ಏನಂತು?" ಮೇಡಂ ಕೇಳಿದರು.

"'ಜ್ವರ ಬಂದ್ರೆ ಆಸ್ಪತ್ರೆಗೆ ಹೋಗು' ಅಂತು," ಎಂದ ಇಸ್ತ್ರಿ.

ಮೇಡಂ ಕೈಯಲ್ಲಿದ್ದ ಪಟ್ಟಿ ನೋಡಿ ಗುರುತು ಹಾಕಿದರು. ವಾಕ್ಯಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ತೋರಿಸುತ್ತಿದ್ದರು. ಆದರೂ ಇವನು ಒಂದನ್ನೂ ತಪ್ಪಿರಲಿಲ್ಲ.

"ನನಗೇನೋ ಅದು ಒಂದಕ್ಕೆ ಹೋಗ್ಲಾ ಅಂತ ಕೇಳಿದ ಹಾಗಿತ್ತು," ಎಂದ ಮಾಡೆಲ್.

"ಕಿರುಬೆರಳೇ ಇಲ್ಲ, ಒಂದಕ್ಕೆ ಹೇಗಪ್ಪಾ ಕೇಳುತ್ತೆ?"

"ಪಾಪ, ಅದಕ್ಕೇ ಹೊಟ್ಟೆ ಅಷ್ಟು ಉಬ್ಬಿರೋದು."

ಮೇಡಂ ನಗಲಿಲ್ಲ. ಅವರು ಇಡೀ ತಂಡದ ಮುಖ್ಯಸ್ಥೆ. ನಗುವುದಿದ್ದರೆ ಕೆಲಸ ಒಪ್ಪಿಸಿದ ಮೇಲೆ ನಗುತ್ತಿದ್ದರು. ಮಾಡೆಲ್ ಎಂದರೆ ಯಂತ್ರಕ್ಕೆ ಕಲಿಸುವವನು. ದಿನವಿಡೀ 'ನಮ್ಮ ಮಾಡೆಲ್ಲು, ನಮ್ಮ ಮಾಡೆಲ್ಲು' ಎನ್ನುತ್ತಿದ್ದುದಕ್ಕೆ ಆ ಹೆಸರು ಅಂಟಿತ್ತು. ಅವನ ಮುಖ ನೋಡಿ ಯಾರೂ ಇಟ್ಟದ್ದಲ್ಲ. ಇಸ್ತ್ರಿಯದೂ ಅಡ್ಡಹೆಸರೇ. ಚುಕ್ಕಿಗಳ ಸೂಟು ತೊಟ್ಟು ಒಬ್ಬರು ಆಡಿದ್ದನ್ನು ಕ್ಯಾಮೆರಾಗಳು ಹಿಡಿದು ಕೊಟ್ಟಾಗ ಅದರಲ್ಲಿ ನಡುಕವಿರುತ್ತದೆ, ಕುಲುಕಿರುತ್ತದೆ. ಅದನ್ನೆಲ್ಲ ಒತ್ತಿ ಒತ್ತಿ ನುಣುಪು ಮಾಡುವುದು ಅವನ ಕೆಲಸ. ಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದ.

ಈ ಸಲ ಅವನಿಗೆ ಇನ್ನೊಂದು ಕೆಲಸವೂ ಬಂದಿತ್ತು. ಕಿವಿ ಕೇಳದ ಮಕ್ಕಳ ಶಾಲೆಗೆ ಸನ್ನೆಯಲ್ಲಿ ಪಾಠ ಹೇಳುವ ಕರಡಿ ಬೇಕಾಗಿತ್ತು. ಆಫೀಸಿನ ನಲವತ್ತು ಜನರಲ್ಲಿ ಸನ್ನೆ ಬಲ್ಲವನು ಅವನೊಬ್ಬನೇ. ಸನ್ನೆ ಮಾಡಿ ತೋರಿಸಲು ಅವನು ಕರೆತಂದದ್ದು ತನ್ನ ಚಿಕ್ಕಮ್ಮನನ್ನು. ಅವಳಿಗೆ ಮೂರು ವರ್ಷವಿದ್ದಾಗಲೇ ಜ್ವರ ಬಂದು ಕಿವಿ ಹೋಗಿತ್ತು. ಅಮ್ಮ ನರ್ಸು, ಪಾಳಿ ಕೆಲಸ. ಹಾಗಾಗಿ ಇವನು ಬೆಳೆದದ್ದು ಚಿಕ್ಕಮ್ಮನ ಮಡಿಲಲ್ಲಿ, ಮಾತು ಕಲಿತದ್ದು ಅವಳ ಕೈ ನೋಡಿ. "ಎರಡೂವರೆ ವರ್ಷ ಇದು ಬಾಯೇ ಬಿಡ್ಲಿಲ್ಲ, ಎಲ್ಲಾ ಕೈಯಲ್ಲೇ," ಎಂದು ಅಮ್ಮ ಈಗಲೂ ಬಂದವರ ಮುಂದೆ ಹೇಳುತ್ತಿದ್ದಳು.

ಅರವತ್ತು ವಾಕ್ಯ ಮೊದಲ ಕಂತು. ಇದು ಪಾಸಾದರೆ ಮುಂದೆ ಇನ್ನೂರು ಕಥೆ. ಇನ್ನೂರು ಕಥೆಗೂ ಕರಡಿಯೊಳಗಿನ ಕೈ ಚಿಕ್ಕಮ್ಮನದೇ ಎಂದು ಮೇಡಂ ಮಾತು ಕೊಟ್ಟಿದ್ದರು. ಚಿಕ್ಕಮ್ಮ ಹತ್ತೊಂಬತ್ತು ವರ್ಷದಿಂದ ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಕಾಲು ಗಿಡ್ಡ ಮಾಡಿ ಹೊಲಿಯುತ್ತಿದ್ದಳು. ಗಿರಾಕಿಗಳ ಕಾಲು ಬಿಟ್ಟರೆ ಮುಖ ನೋಡಿದವಳಲ್ಲ. ಆಗಲೇ ತನ್ನ ಸಂಘದಲ್ಲಿ, ಅಂದರೆ ಊರಿನ ಕಿವಿ ಕೇಳದವರೆಲ್ಲ ಭಾನುವಾರ ಸೇರುವ ಜಾಗದಲ್ಲಿ, ಕರಡಿ ನಾನೇ ಎಂದು ಹೇಳಿಬಿಟ್ಟಿದ್ದಳು.

ಚಿತ್ರೀಕರಣದ ದಿನ ಮೊದಮೊದಲು ಏನೂ ಸರಿಬರಲಿಲ್ಲ. ಐವತ್ತು ದಾಟಿದ ಹೆಂಗಸು, ಮೈಗೆ ಅಂಟಿದ ಕರಿ ಸೂಟು, ಬೆರಳ ಗಿಣ್ಣು ಗಿಣ್ಣಿಗೂ ಚುಕ್ಕಿ. ಮೇಲೊಂದು ಶಾಲು ಹೊದೆಯಲೇ ಎಂದು ಎರಡು ಸಲ ಕೇಳಿದಳು. ಕ್ಯಾಮೆರಾಗಳ ನಡುವೆ ನಿಂತು ಒಂದೊಂದು ಸನ್ನೆಯನ್ನೂ ಅಳೆದು ತೂಗಿ ಮಾಡಿದಳು.

"ಕೋಲು ನುಂಗಿದವರ ಹಾಗೆ ನಿಂತಿದ್ದಾರಲ್ಲೋ," ಎಂದಿದ್ದರು ಮೇಡಂ. "ಸಹಜವಾಗಿ ಹೇಳ್ಲಿ ಅನ್ನು."

'ಸಹಜ' ಎಂಬುದಕ್ಕೆ ಇಸ್ತ್ರಿಯ ಹತ್ತಿರ ಸನ್ನೆ ಇರಲಿಲ್ಲ. ಎರಡು ಅಂಗೈ ಕೂಡಿಸಿ ಮನೆಯ ಮಾಡು ಕಟ್ಟಿದ; ಅವಳನ್ನೂ ತನ್ನನ್ನೂ ತೋರಿಸಿದ. ಮನೆಯಲ್ಲಿ ಹೇಳುವ ಹಾಗೆ. ಚಿಕ್ಕಮ್ಮ ಅವನನ್ನೇ ನೋಡಿ ಮತ್ತೆ ಕೇಳಿದಳು: ಮನೆ? ಮನೆ ಹಾಗೆಯಾ? ಹೌದು ಎಂದು ತಲೆಯಾಡಿಸಿದ. ಅವಳ ಹೆಗಲು ಇಳಿಯಿತು. ಕ್ಯಾಮೆರಾದ ಪಕ್ಕ ನಿಂತು ಅವನು ಒಂದೊಂದೇ ವಾಕ್ಯ ಬರೆದ ಹಾಳೆ ತೋರಿಸುತ್ತ ಹೋದ. ಅವಳು ಅವನ ಮುಖ ನೋಡುತ್ತ ಹೇಳುತ್ತ ಹೋದಳು. ಊಟದ ಹೊತ್ತಿಗೆ ಅರವತ್ತೂ ಮುಗಿದಿತ್ತು. ಮೇಡಂ ಅಂದು ನಕ್ಕಿದ್ದರು.

ಆಮೇಲಿನದು ಮಾಡೆಲ್‌ನ ಯಂತ್ರದ ಕೆಲಸ. ಚಿಕ್ಕಮ್ಮನ ಚಲನೆಯನ್ನು ಅದು ಕರಡಿಗೆ ದಾಟಿಸಬೇಕು. ಹೇಗೆ ದಾಟಿಸುತ್ತದೆ ಎಂದು ಇಸ್ತ್ರಿ ಕೇಳಿದ್ದಕ್ಕೆ ಮಾಡೆಲ್ ತನ್ನ ಎರಡು ಕೈ ಎತ್ತಿ ತೋರಿಸಿದ್ದ.

"ನಿನ್ನ ಚಿಕ್ಕಮ್ಮನ ಮೈಯಲ್ಲಿ ಇಷ್ಟು ಎಲುಬು, ಅಲ್ವಾ? ಅಕ್ಕಪಕ್ಕದ ಎರಡನ್ನ ಸೇರಿಸಿ ಒಂದು ಮಾಡು. ಮತ್ತೆ ಎರಡನ್ನ ಒಂದು ಮಾಡು. ಹೀಗೇ ಮಡಚ್ತಾ ಹೋದ್ರೆ ಕೊನೇಗೊಂದು ಸಣ್ಣ ಗಂಟು. ಕರಡೀನೂ ಹಾಗೇ ಮಡಚು. ಎರಡು ಗಂಟೂ ಒಂದೇ ಥರ ಇರ್ಬೇಕು, ಅದನ್ನೇ ಅದು ಕಲಿಯೋದು. ಆಮೇಲೆ ಈ ಕಡೆ ಕಟ್ಟಿದ್ದನ್ನ ಆ ಕಡೆ ಬಿಚ್ಚೋದು, ಅಷ್ಟೇ."

"ಬಿಚ್ಚಿದಾಗ ಒಳಗಿದ್ದಿದ್ದೆಲ್ಲಾ ಇರುತ್ತಾ?"

"ಇರೋದು ಇರುತ್ತೆ."

"ಇಲ್ಲದ್ದು?"

"ಇಲ್ಲದ್ದು ಇಲ್ಲ ಅಂತ ನಿನಗೆ ಹೇಗೆ ಗೊತ್ತಾಗುತ್ತೆ? ಅದು ಇಲ್ವಲ್ಲ."

ಯಂತ್ರ ತನಗೆ ತಾನೇ ಕೊಟ್ಟುಕೊಂಡ ಅಂಕ ನೂರಕ್ಕೆ ತೊಂಬತ್ತಾರು. ಇಸ್ತ್ರಿ ಕೊಟ್ಟದ್ದು ಅರವತ್ತಕ್ಕೆ ಅರವತ್ತು. ಪರಿಶೀಲನೆಯ ಹಾಳೆಯಲ್ಲಿ ಅರವತ್ತು ಸಲ 'ಸರಿ' ಎಂದು ಬರೆದು ಕೆಳಗೆ ಸಹಿ ಹಾಕಿದ.

ಅಂದು ಸಂಜೆ ಮನೆಯಲ್ಲಿ ಕರಡಿಯನ್ನು ಫೋನಿನಲ್ಲಿ ತೋರಿಸಿದ. ಚಿಕ್ಕಮ್ಮ ನೆಲದ ಮೇಲೆ ಕೂತು ಫೋನನ್ನು ಮೊಣಕಾಲಿಗೆ ಒರಗಿಸಿಕೊಂಡಳು. ಕರಡಿ ಬಲ ಹೆಗಲು ಎತ್ತಿ ಇಳಿಸಿದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಾತು ಶುರು ಮಾಡುವ ಮೊದಲು ಹಾಗೆ ಹೆಗಲೆತ್ತುವುದು ಅವಳ ಚಾಳಿ.

"ಹೊಟ್ಟೆ ಅಕ್ಕನದು," ಎಂದಳು ಕೈಯಲ್ಲಿ.

"ಏನಂತೆ ಅವಳದು?" ಅಮ್ಮ ಒಳಗಿನಿಂದ ಕೂಗಿದಳು. ಅವಳು ತಂಗಿಯ ಜೊತೆಗೂ ಕೂಗಿಯೇ ಮಾತಾಡುತ್ತಿದ್ದಳು. ಐವತ್ತು ವರ್ಷದಲ್ಲಿ ಒಮ್ಮೆಯೂ ಅದರಿಂದ ಉಪಯೋಗವಾಗಿರಲಿಲ್ಲ.

"ಚೆನ್ನಾಗಿದೆ ಅಂದ್ಲು."

ಚಿಕ್ಕಮ್ಮ ಕರಡಿಯ ಕೈ ತೋರಿಸಿ ತನ್ನ ಕಿರುಬೆರಳು ಹಿಡಿದು ಎಳೆದಳು. ಇದೆಲ್ಲಿ?

"ಅದಕ್ಕಿಲ್ಲ," ಎಂದ. "ಬರೆದವರು ಹಾಗೇ ಬರೆದಿದ್ದಾರೆ."

ಅವಳು ತುಟಿ ಉಬ್ಬಿಸಿ, ಹೋಗಲಿ ಬಿಡು ಎಂದು ಕೈ ಬೀಸಿ, ಮತ್ತೆ ಮೊದಲಿನಿಂದ ನೋಡತೊಡಗಿದಳು.

ಮುಂದಿನ ವಾರ ಕರಡಿಯನ್ನು ಶಾಲೆಗೆ ಒಯ್ದರು. ಮೇಡಂ, ಮಾಡೆಲ್, ಇಸ್ತ್ರಿ ಮೂವರೂ ಹೋದರು. ಶಾಲೆಯ ಮೇಷ್ಟ್ರಿಗೂ ಕಿವಿ ಕೇಳುತ್ತಿರಲಿಲ್ಲ. ತುಂಬು ಮೀಸೆಯ, ಆತುರವಿಲ್ಲದ ಮನುಷ್ಯ. ಇಸ್ತ್ರಿ ಕೈಯಲ್ಲೇ ಮಾತು ಶುರು ಮಾಡಿದ. ಮೇಷ್ಟ್ರು ಸಮಾಧಾನವಾಗಿ ನೋಡಿದರು. ಇವನು ಇನ್ನೊಮ್ಮೆ ಹೇಳಿದ. ಮೇಷ್ಟ್ರು ಕಿಸೆಯಿಂದ ಪೆನ್ನು ಕಾಗದ ತೆಗೆದು ಮರ್ಯಾದೆಯಿಂದ ಅವನ ಮುಂದಿಟ್ಟರು.

"ಏನಾಯ್ತೋ?" ಎಂದ ಮಾಡೆಲ್.

"ಇಲ್ಲಿ ಸ್ವಲ್ಪ ಬೇರೆ ಥರ ಇರಬಹುದು," ಎಂದ ಇಸ್ತ್ರಿ. ಅವನ ಕಿವಿ ಬಿಸಿಯಾಗಿತ್ತು.

ಹನ್ನೊಂದು ಮಕ್ಕಳು ಬೆಂಚುಗಳ ಮೇಲೆ ಕೂತಿದ್ದರು. ಒಂದೊಂದು ವಾಕ್ಯವನ್ನೂ ಎರಡು ಸಲ ತೋರಿಸುವುದು, ಕರಡಿ ಏನು ಹೇಳಿತೆಂದು ಮಕ್ಕಳು ಬರೆಯುವುದು. ಮೊದಲ ಸಲ ಕರಡಿ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಹತ್ತನೇ ವಾಕ್ಯದ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಎರಡನೇ ಬೆಂಚಿನ ಹುಡುಗಿಯೊಬ್ಬಳು ಏನೋ ಸನ್ನೆ ಮಾಡಿದಳು. ಇಡೀ ಬೆಂಚು ಅಲುಗಾಡುವಷ್ಟು ನಕ್ಕಿತು. ಅವಳು ಏನೆಂದಳೆಂದು ಇಸ್ತ್ರಿಗೆ ತಿಳಿಯಲಿಲ್ಲ. ಮಕ್ಕಳು ಬೇಗ ಬೇಗ ಆಡುತ್ತಾರೆ ಎಂದುಕೊಂಡ. ಚಿಕ್ಕಮ್ಮನ ಸಂಘದವರು ಮನೆಗೆ ಬಂದಾಗಲೂ ಹೀಗೇ ಬೇಗ ಬೇಗ ಆಡುತ್ತಿದ್ದರು. ಅವನು ಕಾಫಿ ಲೋಟ ಇಟ್ಟು ಎದ್ದು ಹೋಗುತ್ತಿದ್ದ.

ಹಾಳೆಗಳನ್ನು ಶಾಲೆಯ ಜಗಲಿಯಲ್ಲೇ ಕೂತು ನೋಡಿದರು. 'ಜ್ವರ ಬಂದರೆ ಆಸ್ಪತ್ರೆಗೆ ಹೋಗು' ಎಂಬಲ್ಲಿ ಎಂಟು ಮಕ್ಕಳು ಬರೆದದ್ದು: ಜ್ವರ ಬಂದರೆ ಗಂಟೆ ಎಷ್ಟು. 'ದಾರಿ ತಪ್ಪಿದರೆ ಪೊಲೀಸರನ್ನು ಕೇಳು' ಎಂಬಲ್ಲಿ ಒಂಬತ್ತು ಮಕ್ಕಳು: ದಾರಿ ತಪ್ಪಿದರೆ ನಮ್ಮ ಮೇಷ್ಟ್ರನ್ನು ಕೇಳು. ಗಂಟಲು ನೋವು ಎದೆ ನೋವಾಗಿತ್ತು. 'ಹಳಸಿದ್ದು ಕೆಟ್ಟದ್ದು, ತಿನ್ನಬೇಡ' ಎಂಬಲ್ಲಿ ಆರು ಹಾಳೆ ಖಾಲಿ. ಒಂದರಲ್ಲಿ ಮಾತ್ರ 'ಕರಡಿ ಸುಳ್ಳು ಹೇಳುತ್ತಿದೆ' ಎಂದಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪಿದ ವಾಕ್ಯಗಳನ್ನು ಮೇಡಂ ಎಣಿಸಿದರು. ಅರವತ್ತರಲ್ಲಿ ಇಪ್ಪತ್ತಾರು.

ಹೊರಡುವಾಗ ಮೇಷ್ಟ್ರು ಇಸ್ತ್ರಿಯ ತೋಳು ಮುಟ್ಟಿ ನಿಲ್ಲಿಸಿ ಕಾಗದದಲ್ಲಿ ಒಂದು ಸಾಲು ಬರೆದು ತೋರಿಸಿದರು: 'ಈ ಕರಡಿ ಯಾರ ಮನೆಯದು?'

ಅದು ತಮಾಷೆಯೋ ಬೈಗುಳವೋ ಅವನಿಗೆ ಗೊತ್ತಾಗಲಿಲ್ಲ. 'ನಮ್ಮ ಆಫೀಸಿನದು' ಎಂದು ಬರೆದ. ಮೇಷ್ಟ್ರು ಓದಿ, ಅವನ ಬೆನ್ನು ತಟ್ಟಿ ಒಳಗೆ ಹೋದರು.

ಮರುದಿನ ಮೇಡಂ ಒಂದು ಹಾಳೆಯ ನಡುವೆ ಗೆರೆ ಎಳೆದರು. ಎಡಗಡೆ 'ಯಂತ್ರ' ಎಂದು ಬರೆದರು, ಬಲಗಡೆ 'ಕೈ'.

"ಇಪ್ಪತ್ತಾರನ್ನೂ ಇದರಲ್ಲಿ ಹಂಚು. ಯಂತ್ರದ ತಪ್ಪಾದ್ರೆ ಇವನು ಕೂತು ಸರಿ ಮಾಡ್ತಾನೆ, ಚಿಕ್ಕಮ್ಮ ಇರ್ತಾರೆ. ಕೈಯಲ್ಲೇ ತಪ್ಪಿದ್ರೆ ಬೇರೆ ಕೈ ನೋಡ್ಬೇಕು. ನನಗೆ ಸೋಮವಾರ ಬೇಕು."

"ಎಲ್ಲಾ ನನ್ನ ತಲೆಗೆ ಕಟ್ಟಬೇಡ ಮಾರಾಯ," ಎಂದ ಮಾಡೆಲ್. "ತೊಂಬತ್ತಾರು ಇದೆ ನಂದು."

"ಮಕ್ಕಳದ್ದು ಅರವತ್ತಕ್ಕೆ ಮೂವತ್ತನಾಲ್ಕು ಇದೆ," ಎಂದರು ಮೇಡಂ. "ಮತ್ತೆ ನೀನು, ಅರವತ್ತಕ್ಕೆ ಅರವತ್ತು ಸರಿ ಅಂದೆಯಲ್ಲ. ಅದು ಹೇಗೆ ಅಂದೆ?"

"ನನಗೆ ಅರ್ಥ ಆಯ್ತು ಮೇಡಂ."

"ಅದೇ ಕೇಳಿದ್ದು. ಹೇಗೆ?"

ಇಸ್ತ್ರಿ ಎರಡು ದಿನ ಕರಡಿಯನ್ನು ಹಾಕಿಕೊಂಡು ಕೂತ. ಕಾಲು ವೇಗದಲ್ಲಿ ನೋಡಿದ, ನಿಲ್ಲಿಸಿ ನಿಲ್ಲಿಸಿ ನೋಡಿದ, ಮುಖಕ್ಕೆ ಕಾಗದ ಅಂಟಿಸಿ ಬರೀ ಕೈ ನೋಡಿದ. ಪ್ರತಿ ಸಲವೂ ಅರ್ಥವಾಯಿತು. ಕರಡಿ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟರೆ ಅದು ಆಸ್ಪತ್ರೆ, ಇನ್ನೇನು? ಕೆಟ್ಟದ್ದು ಎನ್ನುವಾಗ ಕಿರುಬೆರಳು ಮೇಲೆದ್ದದ್ದು ಅವನಿಗೆ ಕಂಡಿತು. ಅರ್ಧ ನಿಮಿಷವಾದ ಮೇಲೆ, ಅಲ್ಲಿ ಕಿರುಬೆರಳೇ ಇಲ್ಲವಲ್ಲ ಎಂದು ಹೊಳೆಯಿತು. ಮತ್ತೆ ಹಾಕಿದ. ಮತ್ತೆ ಕಂಡಿತು. ಅವನ ಕಣ್ಣಿಗೆ ಕರಡಿ ಬೀಳುತ್ತಲೇ ಇರಲಿಲ್ಲ.

"ಏನೋ, ಹುಚ್ಚು ಹಿಡೀತಾ?" ಮಾಡೆಲ್ ಕುರ್ಚಿ ಎಳೆದುಕೊಂಡು ಪಕ್ಕ ಕೂತ.

"ಯಾವುದು ನಿಂದು, ಯಾವುದು ಅವಳದು, ಒಂದೂ ಗೊತ್ತಾಗ್ತಿಲ್ಲ ಕಣೋ."

ಮಾಡೆಲ್ ಪರದೆಯ ಕಡೆ ಬಾಗಿದ. "ನನ್ನ ಕೇಳಿದ್ರೆ, ಎಲ್ಲಾ ಯಂತ್ರಕ್ಕೇ ಬರಿ. ಮೊನ್ನೆ ಸಿಟ್ಟಿನಲ್ಲಿ ಅಂದೆ. ಬೈಸ್ಕೊಳ್ಳೋಕೆ ಅದಕ್ಕೇನು ಅಪ್ಪ ಇದಾನಾ ಅಮ್ಮ ಇದಾಳಾ."

ಇಸ್ತ್ರಿ ಪೆನ್ಸಿಲ್ ತೆಗೆದು ಇಪ್ಪತ್ತಾರನ್ನೂ ಎಡಗಡೆ ಬರೆದ. ಬರೆದದ್ದನ್ನು ಮಡಚಿ ಚೀಲದಲ್ಲಿಟ್ಟುಕೊಂಡ. ಮಾಡೆಲ್ ಹೇಳಿದ್ದು ಸುಲಭವಾಗಿತ್ತು. ಆದರೆ ಮೂರು ವಾರ ಯಂತ್ರಕ್ಕೆ ಮತ್ತೆ ಕಲಿಸಿ ಮತ್ತೆ ಶಾಲೆಗೆ ಹೋದಾಗ ಮಕ್ಕಳು ಮತ್ತೆ 'ಗಂಟೆ ಎಷ್ಟು' ಎಂದು ಬರೆದರೆ?

ಭಾನುವಾರ ಬೆಳಿಗ್ಗೆ ಅವನು ಲ್ಯಾಪ್‌ಟಾಪು, ಮಕ್ಕಳ ಹಾಳೆಗಳು, ಗೆರೆ ಎಳೆದ ಕಾಗದ ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿದ. ಅಮ್ಮ ಕಿಟಕಿ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಚಿಕ್ಕಮ್ಮ ಸಂಘಕ್ಕೆ ಹೊರಡಲು ಜಡೆ ಹಾಕಿಕೊಂಡು ಬಂದವಳು ಹಾಳೆಗಳನ್ನು ನೋಡಿ ಕೂತಳು. ಮಕ್ಕಳ ಅಕ್ಷರ ಒಂದೊಂದಾಗಿ ಓದಿದಳು. 'ಗಂಟೆ ಎಷ್ಟು' ಓದಿದಾಗ ಅವಳ ಹುಬ್ಬು ಮೇಲೆ ಹೋಯಿತು. 'ನಮ್ಮ ಮೇಷ್ಟ್ರನ್ನು ಕೇಳು' ಓದಿ ಹಾಳೆಯನ್ನು ಕೆಳಗಿಟ್ಟಳು.

"ಇವರಿಗೆ ಕಿವಿ ಇದೆಯಾ ಇಲ್ವಾ?" ಎಂದು ಕೇಳಿದಳು.

"ಇಲ್ಲ. ಕೇಳದ ಮಕ್ಕಳ ಶಾಲೆ."

"ಕೇಳದ ಮಕ್ಕಳಿಗೆ ಅಂತ ನೀನು ಹೇಳ್ಲಿಲ್ಲ."

"ಹೇಳಿದ್ದೆ. ಮಕ್ಕಳಿಗೆ ಅಂತ."

"ಮಕ್ಕಳಿಗೆ ಅಂದೆ. ಮನೆ ಹಾಗೆ ಅಂದೆ." ಅವಳ ಕೈ ಎರಡು ಸಲ ಮಾಡು ಕಟ್ಟಿತು. "ನಿನ್ನಂಥ ಮಕ್ಕಳಿಗೆ ಅಂದ್ಕೊಂಡೆ. ಕಿವಿ ಇರೋ ಮಕ್ಕಳು, ಮನೆಯಲ್ಲಿ ನನ್ನಂಥವಳು ಒಬ್ಬಳು ಇರೋ ಮಕ್ಕಳು. ನಿನ್ನ ಮುಖ ನೋಡ್ತಾ ಹೇಳಿದೆ."

ಇಸ್ತ್ರಿಗೆ ಇನ್ನೂ ಪೂರ್ತಿ ತಲೆಗೆ ಹೋಗಲಿಲ್ಲ. "ಹೇಗೆ ಹೇಳಿದ್ರೂ ಅದೇ ಅಲ್ವಾ?" ಎಂದ.

ಚಿಕ್ಕಮ್ಮ ಅವನ ಮಣಿಕಟ್ಟು ಹಿಡಿದು ಅದರ ಮೇಲೆ ತನ್ನ ಎರಡು ಬೆರಳು ಇಟ್ಟಳು. ಆಮೇಲೆ ಕಿಟಕಿ ಹತ್ತಿರ ಕೂತಿದ್ದ ಅಮ್ಮನನ್ನು ತೋರಿಸಿದಳು. ಅಮ್ಮ ನರ್ಸು, ಮನೆಗೆ ಬಂದವರ ನಾಡಿ ಹಿಡಿಯುವುದು ಅವಳ ಅಭ್ಯಾಸ. ಅದರಿಂದ ಈ ಮನೆಯಲ್ಲಿ ಮಣಿಕಟ್ಟು ಅಂದರೆ ಅಮ್ಮನ ಕೆಲಸ, ಅಮ್ಮನ ಕೆಲಸ ಅಂದರೆ ಆಸ್ಪತ್ರೆ. ಮೀಸೆ ತಿರುವಿದಳು, ಗೋಡೆಯ ಮೇಲಿನ ಫೋಟೋದಲ್ಲಿ ಪೇದೆಯ ಟೋಪಿ ಹಾಕಿದ ತಾತನನ್ನು ತೋರಿಸಿದಳು. ಮೀಸೆ ಅಂದರೆ ತಾತ, ತಾತ ಅಂದರೆ ಪೊಲೀಸು. ಬೆರಳ ತುದಿಗೆ ಉಫ್ ಎಂದು ಊದಿದಳು, ಬೆಂಕಿ. ಇವನು ಎರಡು ವರ್ಷದವನಿದ್ದಾಗ ಹಾಲಿನ ಪಾತ್ರೆ ಮುಟ್ಟಿ ಬೆರಳು ಸುಟ್ಟುಕೊಂಡಾಗ ಅವಳು ಊದಿದ್ದು ಹಾಗೆ.

"ಇದೆಲ್ಲಾ ನಮ್ಮದು. ಅಲ್ಲಿ ಇಲ್ಲ," ಎಂದು ಹೊರಗೆ ಕೈ ತೋರಿಸಿದಳು. "ಅಲ್ಲಿಯದು ಬೇರೆ."

"ಯಾಕೆ ಹೇಳಿಕೊಡ್ಲಿಲ್ಲ ನನಗೆ?"

"ನೀನು ಚಿಕ್ಕವನು. ಚಿಕ್ಕದಾಗಿ ಹೇಳಿದೆ. ಆಮೇಲೆ ನೀನು ದೊಡ್ಡವನಾದೆ. ಹಾಗೇ ಉಳಿಯಿತು." ಅಮ್ಮನ ಕಡೆ ಗದ್ದ ತಿರುಗಿಸಿದಳು. "ಅವಳಿಗೂ ಅಷ್ಟೇ."

"ಏನಂತೆ, ನನ್ನ ಯಾಕೆ ತೋರಿಸ್ತಿದ್ದಾಳೆ?" ಅಮ್ಮ ಕೂಗಿದಳು.

"ಏನಿಲ್ಲಮ್ಮ."

"ಏನಿಲ್ಲ ಅನ್ನೋಕೆ ಅಷ್ಟು ಹೊತ್ತು ಬೇಕಾ ನಿಮಗೆ?"

ಚಿಕ್ಕಮ್ಮ ಗೆರೆ ಎಳೆದ ಕಾಗದ ಎಳೆದುಕೊಂಡಳು. ಪೆನ್ಸಿಲಿನಲ್ಲಿ ಎಡಗಡೆ ಬರೆದ ಇಪ್ಪತ್ತಾರನ್ನೂ ನೋಡಿ ಅವನನ್ನು ನೋಡಿದಳು. ರಬ್ಬರು ತರಿಸಿ ಅಳಿಸಿದಳು. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ವಾಕ್ಯ ಹಾಕಿಸಿ, ಕರಡಿಯ ಕೈ ನೋಡಿ, ತನ್ನ ಕೈ ನೋಡಿಕೊಂಡು, ಪೆನ್ನಿನಲ್ಲಿ ತುಂಬುತ್ತ ಬಂದಳು. ಕಿರುಬೆರಳು ಹೋಗಿ ಅರ್ಥ ಕೆಟ್ಟದ್ದು, ಗಂಟಲಿಗೆ ಎತ್ತಿದ ಕೈ ಗಂಟಲೇ ಇಲ್ಲದೆ ಎದೆಗೆ ಬಂದು ನಿಂತದ್ದು, ಹೊಟ್ಟೆ ಅಡ್ಡ ಬಂದು ಎರಡು ಕೈ ಕೂಡದೆ ಹೋದದ್ದು: ಇವು ಯಂತ್ರಕ್ಕೆ, ಒಂಬತ್ತು. ಉಳಿದ ಹದಿನೇಳನ್ನು ಬಲಗಡೆ, 'ಕೈ' ಎಂಬುದರ ಕೆಳಗೆ, ದುಂಡು ಅಕ್ಷರದಲ್ಲಿ ಬರೆಯತೊಡಗಿದಳು.

ಅವನು ಅವಳ ಪೆನ್ನು ಹಿಡಿದ. "ಹಾಗೆ ಬರೆದ್ರೆ ನಿನ್ನನ್ನ ತೆಗೀತಾರೆ. ತಪ್ಪು ನಂದು. ಮನೆ ಹಾಗೆ ಅಂದಿದ್ದು ನಾನು."

"ಕೈ ನಂದು," ಎಂದಳು.

ಪೆನ್ನು ಬಿಡಿಸಿಕೊಂಡು ಹದಿನೇಳನೆಯದನ್ನೂ ಬರೆದು ಮುಗಿಸಿದಳು. ಆಮೇಲೆ ಎದ್ದು ಹೋಗಿ ಹೊಲಿಗೆಯ ಕತ್ತರಿ ತಂದಳು. ಅರವತ್ತು ವಾಕ್ಯಗಳ ಪಟ್ಟಿಯನ್ನು ಸಾಲು ಸಾಲಾಗಿ ಕತ್ತರಿಸಿ, ಚೀಟಿಗಳನ್ನು ಒಂದು ಬಟ್ಟಲಲ್ಲಿ ಕಲಸಿದಳು. ಅವನ ಫೋನನ್ನು ಡಬ್ಬಿಗೆ ಒರಗಿಸಿ ಚಿತ್ರ ತೆಗೆಯಲು ಹೇಳಿದಳು. ಅವಳ ಲೆಕ್ಕ ನೇರವಾಗಿತ್ತು: ಕೈ ತಪ್ಪಿತೆಂದು ನಾಳೆ ಕಾಗದ ಕೊಡುವಾಗ, ತಪ್ಪದ ಕೈಯನ್ನೂ ಜೊತೆಗೆ ಕೊಡಬೇಕು. ಅದನ್ನು ನೋಡಿಯೂ ಬೇರೆಯವರು ಬೇಕೆಂದರೆ ಕರೆದುಕೊಳ್ಳಲಿ.

"ಇಲ್ಲಿ ನಿಲ್ತೀನಿ," ಎಂದು ಅವನು ಫೋನಿನ ಪಕ್ಕಕ್ಕೆ ಹೋದ.

ಅವಳು ತಲೆ ಅಡ್ಡ ಆಡಿಸಿದಳು. "ಎದುರಿಗೆ ನಿಲ್ಲಬೇಡ."

ಅವನನ್ನು ಅಮ್ಮನ ಪಕ್ಕ ಕೂರಿಸಿದಳು. ತನ್ನ ಫೋನಿನಲ್ಲಿ ಸಂಘದ ಗೆಳತಿಯೊಬ್ಬಳಿಗೆ ವೀಡಿಯೊ ಕರೆ ಹಚ್ಚಿ ಅದನ್ನೂ ಡಬ್ಬಿಗೆ ಒರಗಿಸಿದಳು. ಗೆಳತಿ ಬಾಯಲ್ಲಿ ಏನೋ ಅಗಿಯುತ್ತ ಕಾಣಿಸಿಕೊಂಡಳು. ಇಬ್ಬರ ಕೈಗಳೂ ಒಂದಿಷ್ಟು ಹೊತ್ತು ಆಡಿದವು. ಗೆಳತಿ ಅಗಿಯುವುದು ನಿಲ್ಲಿಸಿ, ಬಿದ್ದು ಬಿದ್ದು ನಕ್ಕು, ಕಣ್ಣು ಒರೆಸಿಕೊಂಡು ನೇರ ಕೂತಳು. ಚಿಕ್ಕಮ್ಮ ಮೊದಲ ಚೀಟಿ ಎತ್ತಿ ಓದಿ, ಪಕ್ಕಕ್ಕಿಟ್ಟು ಶುರು ಮಾಡಿದಳು.

ಇಸ್ತ್ರಿಯ ತೊಡೆಯ ಮೇಲೆ ಪರಿಶೀಲನೆಯ ಹೊಸ ಹಾಳೆ ಇತ್ತು. ಒಂದರಿಂದ ಅರವತ್ತು. ಅವನು ಪೆನ್ನು ಹಿಡಿದು ಕಾದ. ಅರವತ್ತು ವಾಕ್ಯವೂ ಅವನಿಗೆ ಬಾಯಿಪಾಠ; ಬಂದದ್ದು ಯಾವುದೆಂದು ಗುರುತಿಸಿದರೆ ಸಾಕಿತ್ತು.

ಮೊದಲನೆಯದು ಮುಗಿದೇಹೋಯಿತು. ಚಿಕ್ಕಮ್ಮನ ಕೈ ಮಾತ್ರವಲ್ಲ, ಕೆನ್ನೆ ಉಬ್ಬಿತು, ಹುಬ್ಬು ಗಂಟಿಕ್ಕಿತು, ಮೈ ಒಂದು ಕಡೆಗೆ ವಾಲಿ ಎದುರಿಗಿಲ್ಲದ ಯಾರನ್ನೋ ಅಲ್ಲಿ ನಿಲ್ಲಿಸಿ ಈ ಕಡೆಗೆ ಬಂತು. ಇಪ್ಪತ್ತಾರು ವರ್ಷದಿಂದ ದಿನಾ ನೋಡಿದ ಮುಖ. ಆ ಮುಖ ಅಷ್ಟೆಲ್ಲ ಮಾಡುವುದನ್ನು ಅವನು ಕಂಡಿರಲಿಲ್ಲ. ಜ್ವರದ್ದೋ ಮಳೆಯದೋ ಎಂದು ಅವನು ಯೋಚಿಸುತ್ತಿದ್ದಂತೆ ಎರಡನೆಯದೂ ಹೋಯಿತು. ಗೆಳತಿ ಅಲ್ಲಿಂದಲೇ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು.

"ಅದೇನು ಹಾಗೆ ಕೈ ಬೀಸ್ತಿದ್ದಾಳೆ?" ಅಮ್ಮ ಬೆಳ್ಳುಳ್ಳಿ ಕೈಯಲ್ಲೇ ಹಿಡಿದು ಅವನ ಕಡೆ ಬಾಗಿದಳು. ಈ ಸಲ ಮೆತ್ತಗೆ ಕೇಳಿದಳು. "ಜ್ವರ ಗಿರ ಬಂದಿದ್ಯಾ?"

"ಮಾತಾಡ್ತಿದ್ದಾಳಮ್ಮ."

"ಯಾರ ಹತ್ರ?"

ಅವನು ಫೋನಿನ ಕಡೆ ತೋರಿಸಿದ. ಅಮ್ಮ ಅತ್ತಲೇ ನೋಡುತ್ತ, ಸುಲಿದ ಎಸಳನ್ನು ಬಟ್ಟಲಿಗೆ ಹಾಕಲು ಮರೆತು ಸಿಪ್ಪೆಯ ರಾಶಿಗೆ ಹಾಕಿದಳು.

ಐದನೆಯದರಲ್ಲಿ ಒಂದು ಸನ್ನೆ ತಟ್ಟನೆ ಗುರುತಾಯಿತು: ನೀರು. ಹನ್ನೊಂದನೆಯದು ಪೂರ್ತಿ ಸಿಕ್ಕಿತು. ಹದಿಮೂರು ಸಿಕ್ಕಿತೆಂದು ಗುರುತು ಹಾಕಿ, ಇಪ್ಪತ್ತರಲ್ಲಿ ಅದೇ ವಾಕ್ಯ ಬಂದ ಹಾಗೆನಿಸಿ, ಹದಿಮೂರನ್ನು ಹೊಡೆದುಹಾಕಿದ. ಊಹೆಯನ್ನು ಗುರುತು ಮಾಡಬಾರದೆಂದು ಆಮೇಲೆ ತನಗೆ ತಾನೇ ನಿಯಮ ಹಾಕಿಕೊಂಡ. ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು. ಚೀಟಿಗಳ ಬಟ್ಟಲು ಖಾಲಿಯಾಯಿತು. ಚಿಕ್ಕಮ್ಮ ಗೆಳತಿಗೆ ಕೈಬೀಸಿ ಫೋನು ಆರಿಸಿದಳು, ಬೆವರು ಒರೆಸಿಕೊಂಡಳು, ಅವನ ಎದುರಿಗೆ ಬಂದು ನಿಂತಳು.

"ಸರಿ ಇದೆಯಾ?" ಎಂದಳು. ಮತ್ತೆ ನಿಧಾನವಾಗಿ, ದೊಡ್ಡದಾಗಿ, ಮನೆಯಲ್ಲಿ ಹೇಳುವ ಹಾಗೆ.

ಅವನು 'ಪರಿಶೀಲಿಸಿದವರು' ಎಂಬಲ್ಲಿ ತನ್ನ ಹೆಸರು ಬರೆಯದೆ, ಶಾಲೆಯ ಮೇಷ್ಟ್ರಿಗೆ ತೋರಿಸಬೇಕು ಎಂದು ಬರೆದ. ಅದರ ಕೆಳಗೆ ತನ್ನ ಲೆಕ್ಕವನ್ನೂ ಬರೆದ. ವಾಕ್ಯ ಅರವತ್ತು. ತನಗೆ ಸಿಕ್ಕಿದ್ದು ಇಪ್ಪತ್ತೊಂಬತ್ತು. ಹೋದದ್ದು ಮೂವತ್ತೊಂದು.